ನಿಘಂಟಿನಲ್ಲೊಂದು ಹಸಿ ಸುಳ್ಳು

"ಕಳ್ಳ!"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಏಣಿಯ ಮೇಲಿದ್ದವನ ಕೈಯಿಂದ ಪುಸ್ತಕದ ಕಟ್ಟೊಂದು ಧೊಪ್ಪನೆ ಕೆಳಗೆ ಬಿತ್ತು.

"ಯಾರು? ಎಲ್ಲಿ?" ಅವನು ಗಾಬರಿಯಿಂದ ಬೀದಿಯ ಕಡೆ ಕತ್ತು ಚಾಚಿದ.

"ಬೀದೀಲಲ್ಲ. ಏಣಿ ಮೇಲೆ!"

ನಮ್ಮ ಹುಡುಗಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. ಆ ಬೆಳಿಗ್ಗೆ ಎರಡೂ ಕಿವಿ ಕೆಂಡವಾಗಿದ್ದವು. ಕಂಕುಳಲ್ಲಿ ದಪ್ಪದೊಂದು ಪುಸ್ತಕ, ಕಾಲಲ್ಲಿ ಅವಸರಕ್ಕೆ ಅದಲು ಬದಲಾದ ಚಪ್ಪಲಿ. ಬೀದಿ ದಾಟುವಾಗ ಸೈಕಲ್ಲಿನವನೊಬ್ಬ ಬೈದದ್ದೂ ಅವಳಿಗೆ ಕೇಳಿಸಿರಲಿಲ್ಲ.

ಬೀದಿಯ ಆಚೆ ಬದಿಯಲ್ಲಿ ಅವಳ ದೊಡ್ಡಪ್ಪನ ಪ್ರಕಾಶನ. ಶಾಲೆ ಮಕ್ಕಳಿಗೆ ಇಂಗ್ಲಿಷ್ ನಿಘಂಟು ಮಾಡುವುದೇ ಅವರ ಕಸುಬು. ಇಂಗ್ಲಿಷ್ ಪದ, ಪಕ್ಕದಲ್ಲಿ ನಮ್ಮ ಮಾತಿನಲ್ಲಿ ಅರ್ಥ, ಕೆಳಗೆ ಆ ಪದ ಎಲ್ಲಿಂದ ಬಂತೆಂಬ ಒಂದು ಸಾಲು. ಅರ್ಥ ಬರೆಯುವವಳು, ತಿದ್ದುವವಳು, ದೊಡ್ಡಪ್ಪನ ಸಿಟ್ಟನ್ನು ಹೊಟ್ಟೆಗೆ ಹಾಕಿಕೊಳ್ಳುವವಳು, ಎಲ್ಲ ಇವಳೇ. ಈಚೆ ಬದಿಯಲ್ಲಿ ಹೋದ ವರ್ಷ ಬಂದು ಕೂತ ಹೊಸಬ. ಅವನೂ ಇಂಗ್ಲಿಷ್ ನಿಘಂಟನ್ನೇ ಮಾಡಬೇಕೆ? ಊರಲ್ಲಿ ಬೇರೆ ಕೆಲಸ ಇರಲಿಲ್ಲವೆ? ಅವನ ನೆತ್ತಿಯ ಮೇಲೆ ಹಿಡಿ ಕೂದಲು ಸದಾ ನೆಟ್ಟಗೆ ನಿಂತಿರುತ್ತಿತ್ತು. ದೊಡ್ಡಪ್ಪ ಅವನಿಗೆ 'ಜುಟ್ಟು' ಎಂದು ಹೆಸರಿಟ್ಟಿದ್ದರು. ಆ ಹೆಸರೇ ಬೀದಿಯಲ್ಲೆಲ್ಲ ನಿಂತಿತು.

ಜುಟ್ಟು ಏಣಿ ಇಳಿದು ಬಂದ. ಅವಳು ಅವನದೇ ಹೊಸ ನಿಘಂಟನ್ನು ಮೇಜಿನ ಮೇಲೆ ಹಾಕಿ, ಒಂದು ಪುಟ ತೆರೆದು, ಬೆರಳಿಟ್ಟಳು.

"ಇದೇನು?"

"ಡ್ರಿಂಬಲ್."

"ಓದೋಕೆ ನಂಗೂ ಬರುತ್ತೆ. ಎಲ್ಲಿಂದ ಬಂತು ಈ ಪದ?"

"ಮೂಲ ಗೊತ್ತಿಲ್ಲ ಅಂತ ಬರೆದಿದೀನಲ್ಲ ಮೇಡಮ್..."

"ನಂಗೆ ಗೊತ್ತು! ನನ್ನ ತಲೆಯಿಂದ ಬಂತು! ಇಂಗ್ಲಿಷಲ್ಲಿ ಅಂಥ ಪದಾನೇ ಇಲ್ಲ. ನಾನೇ ಕೂತು ಹುಟ್ಟಿಸಿದ್ದು. ನಮ್ಮ ನಿಘಂಟನ್ನ ಕದಿಯೋರು ಸಿಕ್ಕಿ ಬೀಳ್ಲಿ ಅಂತ ಹಾಕಿಟ್ಟಿದ್ದು. ಈಗ ಸಿಕ್ಕಿ ಬಿದ್ರಲ್ಲ!"

ಇನ್ನೊಬ್ಬನಾಗಿದ್ದರೆ ಬೆವರುತ್ತಿದ್ದ, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದ. ಈ ಪುಣ್ಯಾತ್ಮ ಸ್ಟೂಲು ಎಳೆದುಕೊಂಡು ಕೂತು, ಕಣ್ಣರಳಿಸಿ ಕೇಳಿದ.

"ಮೌಂಟ್‌ವೀಸಲ್ಲಾ?"

ಅವಳು ತಬ್ಬಿಬ್ಬಾದಳು. ಈ ಊರಲ್ಲಿ ಆ ಪದ ತನಗೊಬ್ಬಳಿಗೇ ಗೊತ್ತೆಂದು ಅವಳಿಗೆ ಭಾರಿ ಹೆಮ್ಮೆಯಿತ್ತು.

"ನಿಮಗೆ... ಗೊತ್ತಾ?"

"ಪದ ಗೊತ್ತು. ಪುಸ್ತಕದಲ್ಲಿ ಬೇಕಂತಲೇ ಹಾಕಿಡೋ ಸುಳ್ಳಿಗೆ ಹಾಗಂತಾರೆ. ಆದ್ರೆ ಅದು ಹುಟ್ಟಿದ ಕಥೆ ಎಲ್ಲೂ ಸರಿಯಾಗಿ ಸಿಗ್ಲಿಲ್ಲ. ಹೇಳ್ತೀರಾ?"

ಕಳ್ಳನಿಗೆ ಕಥೆ ಹೇಳುವವರುಂಟೆ? ಇಲ್ಲ. ಆದರೆ ಪದದ ಹುಚ್ಚಿರುವವರ ಹಣೆಬರಹ ನಿಮಗೆ ಗೊತ್ತಿಲ್ಲ. ಯಾರಾದರೂ ಆಸೆಯಿಂದ ಕೇಳಿದರೆ ಅವರಿಗೆ ಬಾಯಿ ಕಟ್ಟಿಕೊಂಡಿರಲು ಆಗುವುದಿಲ್ಲ.

"ಒಂದು ದೊಡ್ಡ ವಿಶ್ವಕೋಶ," ಅವಳು ನಿಂತಲ್ಲೇ ಶುರು ಮಾಡಿದಳು. "ಅದರಲ್ಲಿ ಆ ಹೆಸರಿನ ಹೆಂಗಸಿನ ಬಗ್ಗೆ ಬರೆದಿದ್ರು. ಮೊದಲು ಕಾರಂಜಿಗಳ ವಿನ್ಯಾಸ ಮಾಡ್ತಿದ್ಲಂತೆ. ಆಮೇಲೆ ಕ್ಯಾಮೆರಾ ಹಿಡಿದ್ಲು. ಹಳ್ಳಿ ಕಡೆ ಮನೆಮುಂದೆ ಇರೋ ಅಂಚೆ ಪೆಟ್ಟಿಗೆಗಳ ಫೋಟೋ ತೆಗೆದು ಹೆಸರು ಮಾಡಿದ್ಲು."

"ಬರೀ ಅಂಚೆ ಪೆಟ್ಟಿಗೆ?"

"ಹೂಂ. ಕೊನೆಗೆ ಬೆಂಕಿ ಹತ್ತೋ ವಸ್ತುಗಳ ಬಗ್ಗೆ ಬರೆಯೋ ಯಾವುದೋ ಪತ್ರಿಕೆಗೆ ಫೋಟೋ ತೆಗೆಯೋಕೆ ಹೋಗಿ, ಸ್ಫೋಟ ಆಗಿ ಚಿಕ್ಕ ವಯಸ್ಸಲ್ಲೇ ಸತ್ತೋದ್ಲು."

"ಅಯ್ಯೋ ಪಾಪ!"

"ಪಾಪ ಏನು ಬಂತು! ಅಂಥವಳು ಹುಟ್ಟೇ ಇರ್ಲಿಲ್ಲ. ಯಾರಾದ್ರೂ ಕದ್ರೆ ಗೊತ್ತಾಗ್ಲಿ ಅಂತ ಸೇರಿಸಿದ್ದರಂತೆ. ಎಷ್ಟೋ ವರ್ಷ ಆದ್ಮೇಲೆ ಒಂದು ಪತ್ರಿಕೇಲಿ ಈ ವಿಷಯ ಬಂತು. ಅಲ್ಲಿಂದ ಇಂಥ ಸುಳ್ಳಿಗೆಲ್ಲ ಅವಳ ಹೆಸರೇ ಅಂಟಿಕೊಳ್ತು."

ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ತುಟಿಯೂ ಇನ್ನೇನು ಅರಳಬೇಕು... ತಾನು ಜಗಳಕ್ಕೆ ಬಂದವಳೆಂಬುದು ನೆನಪಾಯಿತು.

"ನಗಬೇಡಿ! ಕದ್ದವರು ನೀವು!"

"ನಾನು ಕದ್ದಿಲ್ಲ ಮೇಡಮ್. ಜನರ ಬಾಯಲ್ಲಿ ಕೇಳಿ ಬರ್ಕೊಂಡೆ. ನಿಮ್ಮ ನಿಘಂಟನ್ನ ನಾನು ತೆಗೆದೂ ನೋಡಲ್ಲ."

"ಎಷ್ಟು ಕೊಬ್ಬು!"

"ಕೊಬ್ಬಲ್ಲ, ಅದರ ಅಕ್ಷರ ಸಣ್ಣದು. ನಂಗೆ ಕಣ್ಣು ನೋಯುತ್ತೆ."

"ಇಲ್ಲದ ಪದಾನ ಜನ ಹೇಗ್ರೀ ಆಡ್ತಾರೆ?"

"ನಾಳೆ ಬನ್ನಿ. ಕೇಳಿಸ್ತೀನಿ."

ಅವಳು ಹೊರಟುಬಂದಳು. ಬಾಗಿಲನ್ನು ಬಂದಾಗಿನದಕ್ಕಿಂತ ಜೋರಾಗಿಯೇ ಹಾಕಿದಳು.

ವಿಷಯ ಕೇಳಿ ದೊಡ್ಡಪ್ಪ ಕುರ್ಚಿಯಿಂದ ಜಿಗಿದರು. ಕೂತರೆ ಏಳಲು ಒದ್ದಾಡುವ ಮನುಷ್ಯ!

"ಸಿಕ್ಕಿದನಾ ಜುಟ್ಟು! ಭೇಷ್ ಪುಟ್ಟೀ! ಶಾಲಾ ಮಂಡಳಿಗೆ ಈಗಲೇ ದೂರು ಬರೀತೀನಿ. ನೀನೇ ಸಾಕ್ಷಿ. ಆಗಬಹುದಾ?"

"ಆಗಬಹುದು!" ಎಂದುಬಿಟ್ಟಳು ಸಿಟ್ಟಿನ ಭರದಲ್ಲಿ.

ಆ ಒಂದು ಮಾತು ಅವಳನ್ನು ಹೇಗೆ ಸುತ್ತಿಕೊಂಡಿತು ನೋಡಿ. ಊರಿನ ಶಾಲೆಗಳಿಗೆಲ್ಲ ಯಾವ ನಿಘಂಟು ಎಂದು ಗೊತ್ತು ಮಾಡುವುದು ಮಂಡಳಿ. ಇಷ್ಟು ವರ್ಷ ಅದು ದೊಡ್ಡಪ್ಪನದೇ. ಈ ಸಲ ಜುಟ್ಟುವಿನ ನಿಘಂಟೂ ಎದುರಿಗಿತ್ತು. ಕಳ್ಳನೆಂಬ ಹಣೆಪಟ್ಟಿ ಬಿದ್ದರೆ ಅವನ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ. ಒಬ್ಬನೇ ಕೂತು, ಕಣ್ಣು ನೋಯಿಸಿಕೊಂಡು, ಯೌವನವೆಲ್ಲ ಸುರಿದು ಕಟ್ಟಿದ್ದು ರದ್ದಿಗೆ ಹೋಗುತ್ತದೆ.

ಒಳಕೋಣೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡಿಂಗ್ ಅಕ್ಕ ದಾರ ಕಚ್ಚಿ ತುಂಡು ಮಾಡುತ್ತ ಕೇಳಿದಳು, "ಹುಡುಗ ಹೇಗಿದಾನೆ?"

"ಕಳ್ಳನ ಥರ ಇದಾನೆ!"

"ಕಳ್ಳರು ಹೇಗಿರ್ತಾರೆ?"

"ಎತ್ತರಕ್ಕೆ... ಕನ್ನಡಕ ಹಾಕ್ಕೊಂಡು... ನಕ್ಕರೆ ಕಣ್ಣು ಮುಚ್ಚಿಹೋಗುತ್ತೆ..."

"ಓಹೋ," ಎಂದಳು ಅಕ್ಕ. ಸೂಜಿಗೆ ಹೊಸ ದಾರ ಪೋಣಿಸಿದಳು.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಎರಡೂ ನಿಘಂಟುಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಕೂತಳು. ಬೆಳಿಗ್ಗೆ ಪದ ಕಂಡದ್ದೇ ತಡ, ತಲೆ ಕೆಟ್ಟು ಓಡಿದ್ದಳೇ ಹೊರತು ಅವನು ಕೊಟ್ಟ ಅರ್ಥವನ್ನು ಓದಿಯೇ ಇರಲಿಲ್ಲ!

ಅವಳು ಬರೆದಿದ್ದುದು ಹೀಗೆ: 'ಡ್ರಿಂಬಲ್. ಬಂದವರು ಹೊರಡಲೆಂದು ಎದ್ದು, ಬಾಗಿಲವರೆಗೆ ಬಂದು, ಹೊರಡದೆ ಅಲ್ಲೇ ನಿಂತು ಕೊರೆಯುವುದು. ಹಳೆಯ ನಾವಿಕರ ಮಾತಿನಿಂದ ಬಂದದ್ದು.' ನಾವಿಕರೂ ಇಲ್ಲ, ಮಣ್ಣೂ ಇಲ್ಲ. ಅದನ್ನು ಬರೆದ ಹಿಂದಿನ ದಿನ ಮನೆಗೆ ಬಂದಿದ್ದ ಚಿಕ್ಕಮ್ಮ ಗೇಟು ಹಿಡಿದು ನಿಂತು, ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹಾಳಾಗುವವರೆಗೂ ಮಾತಾಡಿದ್ದಳು. ಆ ಸಿಟ್ಟಿಗೆ ಹುಟ್ಟಿದ ಪದ ಅದು.

ಅವನು ಬರೆದಿದ್ದ: 'ಡ್ರಿಂಬಲ್. ಹೊರಟವರು ಬಾಗಿಲಲ್ಲಿ ನಿಂತುಬಿಡುವುದು. ಮಾತು ಮುಗಿಯಲಿಲ್ಲವೆಂದಲ್ಲ, ಬಿಟ್ಟು ಹೋಗಲು ಮನಸ್ಸಿಲ್ಲದೆ. ಮೂಲ ತಿಳಿಯದು.'

ಅವಳು ಅದನ್ನು ಮತ್ತೆ ಓದಿದಳು. 'ನಾನು ಬೈದು ಬರೆದದ್ದನ್ನ ಇವನು ಎಷ್ಟು ಪ್ರೀತಿಯಿಂದ ಬರೆದಿದ್ದಾನಲ್ಲ... ಕದ್ದವನಾದರೆ ನಾವಿಕರನ್ನೂ ಕದಿಯಬೇಕಿತ್ತು. ಗೊತ್ತಿಲ್ಲ ಅಂತ ಯಾವ ಕಳ್ಳ ಬರೀತಾನೆ?'

ಮರುದಿನ ಅವಳೇ ಬೀದಿ ದಾಟಿ ಹೋದಳು. "ಕೇಳಿಸ್ತೀನಿ ಅಂದಿದ್ರಲ್ಲ. ನಡೀರಿ."

ಅವನ ಕೆಲಸದ ರೀತಿಯೇ ವಿಚಿತ್ರ. ಪದ ಹಿಡಿಯಲು ಅವನು ಕ್ಯೂಗಳಲ್ಲಿ ನಿಲ್ಲುತ್ತಿದ್ದ. ಕರೆಂಟ್ ಬಿಲ್ಲಿನ ಕ್ಯೂ, ಬಸ್ ಪಾಸಿನ ಕ್ಯೂ, ಪಡಿತರದ ಕ್ಯೂ, ಯಾವುದಾದರೂ ಸರಿ. ಜನ ಕಾಯುತ್ತ ನಿಂತರೆ ಮಾತಾಡುತ್ತಾರೆ, ಇವನು ಕಿವಿಗೊಟ್ಟು ನಿಲ್ಲುತ್ತಾನೆ. ತನ್ನ ಸರದಿ ಬಂದಾಗ ಮೆಲ್ಲಗೆ ಜಾರಿಕೊಳ್ಳುತ್ತಾನೆ.

"ಒಂದು ಸಲ ನೋಡದೆ ಹೆರಿಗೆ ಆಸ್ಪತ್ರೆ ಕ್ಯೂನಲ್ಲಿ ನಿಂತುಬಿಟ್ಟಿದ್ದೆ," ಎಂದ. "ಎಷ್ಟು ತಿಂಗಳು ಅಂತ ನರ್ಸಮ್ಮ ಕೇಳಿದ್ರು."

ಅವಳು ಬೀದಿಯಲ್ಲೇ ಗೊಳ್ಳೆಂದು ನಕ್ಕಳು. ಕಳ್ಳನ ಜೊತೆ ಹೀಗೆಲ್ಲ ನಗಬಾರದೆಂದು ಆಮೇಲೆ ಹೊಳೆಯಿತು.

ಮೊದಲು ದರ್ಜಿಯ ಅಂಗಡಿ. ಒಳಗಿನಿಂದ ದರ್ಜಿಯ ಹೆಂಡತಿಯ ಕೂಗು: "ಅಳತೆ ಕೊಟ್ಟಾಯ್ತಲ್ಲ, ಇನ್ನೂ ಯಾಕ್ರೀ ಅವರು ಡ್ರಿಂಬಲ್ ಹೊಡೀತಿದಾರೆ? ಕಳಿಸಿ ಬಾಗಿಲು ಹಾಕಿ!"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಆಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಹೆಸರು ಬರೆದುಕೊಳ್ಳುವ ಹುಡುಗಿ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು, "ಹಲ್ಲು ಕೀಳಿಸ್ಕೊಂಡು ಹೋಗ್ರಪ್ಪ ಅಂದ್ರೆ, ಬಾಯಲ್ಲಿ ಹತ್ತಿ ಇಟ್ಕೊಂಡೇ ಡ್ರಿಂಬಲ್ ಮಾಡ್ತಾರೆ ಕಣೇ!"

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದ ತಾತನೊಬ್ಬ ಇನ್ನೂ ಮುಂದೆ ಹೋದ.

"ಡ್ರಿಂಬಲ್ಲಾ? ನಮ್ಮಜ್ಜ ಆಡ್ತಿದ್ದ ಮಾತು ಅದು! ಅವನು ಹಡಗಿನಲ್ಲಿದ್ದೋನು."

"ಇಲ್ಲ ತಾತ, ಅದು ನಾನು..."

"ನೀನಿನ್ನೂ ಮಗು. ನಿಂಗೇನು ಗೊತ್ತು? ಸುಮ್ನಿರು."

ಜುಟ್ಟು ಕೆಮ್ಮುವ ನೆಪದಲ್ಲಿ ಮುಖ ಆಚೆ ತಿರುಗಿಸಿದ.

ಗುಟ್ಟು ರಟ್ಟಾದದ್ದು ಶಾಲೆಯ ಗೇಟಿನಲ್ಲಿ. ಇಂಗ್ಲಿಷ್ ಮೇಷ್ಟ್ರೊಬ್ಬರು ದಿನಕ್ಕೊಂದು ಹೊಸ ಪದವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರಂತೆ. ಎಲ್ಲಿಂದ? ದೊಡ್ಡಪ್ಪನ ನಿಘಂಟಿನಿಂದ! ಬೇರೆ ಪದಗಳನ್ನು ಮಕ್ಕಳು ಬೋರ್ಡಿನಲ್ಲೇ ಬಿಟ್ಟು ಹೋದರು. ಇದೊಂದನ್ನು ಮಾತ್ರ ಮನೆಗೆ ಒಯ್ದರು. ಎಲ್ಲರ ಮನೆಗೂ ಎದ್ದು ಹೋಗದ ನೆಂಟರು ಬರುತ್ತಾರಲ್ಲ! ಅವರಿಗೊಂದು ಹೆಸರು ಬೇಕಿತ್ತು, ಸಿಕ್ಕಿತು.

'ನಾನು ಹಾಕಿದ ಬಲೆ ನಾನೇ ನೋಡದ ಹಾಗೆ ಊರು ಸುತ್ತಿ ಬಂದಿದೆ,' ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. 'ಅದರಲ್ಲಿ ಸಿಕ್ಕಿ ಬಿದ್ದವನು ಕಳ್ಳನಲ್ಲ... ಊರಿಗೆಲ್ಲ ಕಿವಿಗೊಟ್ಟ ಒಬ್ಬ ಪ್ರಾಮಾಣಿಕ.'

"ಕ್ಷಮಿಸಿ," ಎಂದಳು ಸಣ್ಣ ದನಿಯಲ್ಲಿ. "ಕಳ್ಳ ಅಂದಿದ್ದಕ್ಕೆ."

"ಪರವಾಗಿಲ್ಲ. ನೀವು ಅಂದಾಗ ಅಷ್ಟೇನೂ ಕೆಟ್ಟದಾಗಿ ಕೇಳಿಸ್ಲಿಲ್ಲ."

ಕಿವಿ ಮತ್ತೆ ಕೆಂಪಾಯಿತು. ಈ ಸಲ ಸಿಟ್ಟಿಗಲ್ಲ.

ಅವಳ ಮನೆಯ ಗೇಟಿನವರೆಗೂ ಅವನು ಬಂದ. "ಸರಿ, ಬರ್ತೀನಿ" ಎಂದ. "ಹೂಂ, ಹೋಗಿ ಬನ್ನಿ" ಎಂದಳು. ಅವನು ಚಿಲಕ ಹಿಡಿದ. ಅವಳು ಮತ್ತೊಂದು ಪದದ ಮಾತು ತೆಗೆದಳು. ಅವನು ಚಿಲಕ ಬಿಟ್ಟ. ಹಾಗೆಯೇ ಬೀದಿದೀಪ ಹತ್ತಿತು, ಎದುರುಮನೆಯವರು ಎರಡು ಸಲ ಕಿಟಕಿಯಿಂದ ಇಣುಕಿದರು.

ಇದ್ದಕ್ಕಿದ್ದಂತೆ ಇಬ್ಬರೂ ಮಾತು ನಿಲ್ಲಿಸಿದರು. ತಾವು ಮಾಡುತ್ತಿರುವುದು ಏನೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

"ನಿಮ್ಮರ್ಥದ ಪ್ರಕಾರಾನಾ, ನನ್ನರ್ಥದ ಪ್ರಕಾರಾನಾ?" ಅವನು ಕೇಳಿದ.

"...ನಿಮ್ಮದೇ ಸರಿ."

ಹೇಳಬೇಕಾದದ್ದು ಅವಳ ಗಂಟಲವರೆಗೂ ಬಂದಿತ್ತು. 'ದೂರು ಕೊಟ್ಟುಬಿಟ್ಟಿದ್ದಾರೆ. ಸಾಕ್ಷಿ ನಾನೇ. ಈಗ ಹೇಳಿಬಿಡಲಾ?' ಅವನು ನಗುತ್ತಿದ್ದ. ಆ ನಗು ಮುಖದಿಂದ ಅಳಿದುಹೋಗುವುದನ್ನು ನೋಡುವ ಧೈರ್ಯ ಅವಳಿಗೆ ಬರಲಿಲ್ಲ. 'ದೊಡ್ಡಪ್ಪನಿಗೆ ಹೇಳಿ ವಾಪಸ್ ತೆಗೆಸಿಬಿಡೋಣ. ಇವನಿಗೆ ಗೊತ್ತಾಗೋದೇ ಬೇಡ.'

ನನ್ನನ್ನು ಕೇಳಿದರೆ ಅವಳು ಮಾಡಿದ ನಿಜವಾದ ತಪ್ಪು ಇದೇ. ಸುಳ್ಳು ಪದ ಹಾಕಿದ್ದಲ್ಲ, ನಿಜ ನುಂಗಿಕೊಂಡದ್ದು.

ಎಷ್ಟು ಕೇಳಿಕೊಂಡರೂ ದೊಡ್ಡಪ್ಪ ಜಪ್ಪಯ್ಯ ಎನ್ನಲಿಲ್ಲ.

"ಒಂದು ಸಲ ಕಳಿಸಿದ್ದು ಕಳಿಸಿದ್ದೇ! ಜನ ಆಡ್ತಾರಂತೆ, ಇವನು ಬರ್ಕೊಂಡನಂತೆ! ಯಾರು ನಂಬ್ತಾರೆ? 'ಈ ಪದ ನಾನೇ ಹುಟ್ಟಿಸಿದ್ದು' ಅಂತ ನೀನು ಹೇಳು ಸಾಕು. ಸುಳ್ಳೇನು ಹೇಳು ಅಂದ್ನಾ ನಾನು?"

"ಅರ್ಧ ನಿಜ ಹೇಳಿದ್ರೆ ಅವನು ಹಾಳಾಗ್ತಾನೆ ದೊಡ್ಡಪ್ಪ!"

"ಪೂರ್ತಿ ಹೇಳಿದ್ರೆ ನಾವು ಹಾಳಾಗ್ತೀವಿ ಪುಟ್ಟೀ!"

ಅವರು ಹೇಳಿದ್ದೂ ಖರೆ. ಅಷ್ಟರಲ್ಲಿ ಅವನೇ ಬಂದ. ಕೈಯಲ್ಲಿ ಮಂಡಳಿಯಿಂದ ಬಂದ ನೋಟಿಸು. ಮುಖ ಬಿಳಿಚಿಕೊಂಡಿತ್ತು, ನೆತ್ತಿಯ ಕೂದಲು ಸಹ ಮಲಗಿತ್ತು.

"ಇದರಲ್ಲಿ ಸಾಕ್ಷಿ ನೀವು ಅಂತಿದೆ..."

"ಅದು... ಮೊದಲ ದಿನ... ಸಿಟ್ಟಲ್ಲಿ..."

"ನೀವು ನನ್ನ ಜೊತೆ ಊರು ಸುತ್ತಿದ್ದು ಅದಾದ ಮೇಲೆ ಅಲ್ವಾ? ಗೇಟಿನ ಹತ್ರ ನಿಂತಿದ್ದೂ ಅದಾದ ಮೇಲೇನೇ." ಅವನು ನೋಟಿಸು ಮಡಚಿದ. "ಸಾಕ್ಷಿ ಗಟ್ಟಿ ಮಾಡ್ಕೊಳೋಕೆ ಬಂದಿದ್ರಾ ಮೇಡಮ್?"

"ಇಲ್ಲಾ! ದೇವರಾಣೆಗೂ ಇಲ್ಲ! ನಾನು ಹೇಳ್ಬೇಕು ಅಂತಿದ್ದೆ..."

"ಹೇಳ್ಲಿಲ್ಲವಲ್ಲ."

ಅಷ್ಟೇ. ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ಮೆಲ್ಲಗೆ ಬೀದಿ ದಾಟಿ ಹೋಗಿ ತನ್ನ ಅಂಗಡಿಯ ಕದ ಎಳೆದುಕೊಂಡ. ಬೈದಿದ್ದರೆ ಅವಳು ಸಮಾಧಾನ ಮಾಡಿಕೊಳ್ಳುತ್ತಿದ್ದಳೋ ಏನೋ.

ಅಂದಿನಿಂದ ಅವಳಿಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಪ್ರೂಫು ಮುಂದಿಟ್ಟುಕೊಂಡರೆ ಅಕ್ಷರಗಳೆಲ್ಲ ಮಂಜು ಮಂಜು. ಕಿಟಕಿಯಾಚೆ ಅವನು ತನ್ನ ಮೇಜನ್ನು ಬೀದಿಗೆ ಬೆನ್ನಾಗಿ ತಿರುಗಿಸಿಕೊಂಡು ಕೂತಿದ್ದ.

"ಅಕ್ಕಾ, ನಾನೇನು ಮಾಡ್ಲಿ?"

ಬೈಂಡಿಂಗ್ ಅಕ್ಕ ಅಂಟಿನ ಬಟ್ಟಲು ಪಕ್ಕಕ್ಕಿಟ್ಟಳು. "ಅವನು ಬೇಕಾ ನಿಂಗೆ?"

ಅವಳು ತಲೆಯಾಡಿಸಿದಳು. ಕಣ್ಣಿಂದ ಹನಿ ಉದುರಿ ಎಸ್ ಅಕ್ಷರದ ಪ್ರೂಫಿನ ಮೇಲೆ ಬಿತ್ತು.

"ಹಾಗಾದ್ರೆ ನನ್ನ ಮುಂದೆ ಅತ್ತು ಏನೇ ಪ್ರಯೋಜನ? ಬಾಯಿ ಇರೋದು ಯಾಕೆ? ಹೋಗಿ ಎಲ್ಲರ ಎದುರು ಹೇಳು. ಪೇಪರ್ ಒದ್ದೆ ಮಾಡಬೇಡ, ಒಣಗಿಸೋದು ನನ್ನ ಕರ್ಮ."

ಮಂಡಳಿಯ ಕಚೇರಿಯಲ್ಲಿ ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು. ಮೇಜಿನ ತುದಿಯಲ್ಲಿ ಕುಳಿತ ಅಧ್ಯಕ್ಷೆ ಹಿಂದೆ ಹೆಡ್‌ಮಿಸ್ ಆಗಿದ್ದವರು, ಈಗಲೂ ಎದುರಿಗಿದ್ದವರನ್ನು ಮೂರನೇ ತರಗತಿಯ ಮಕ್ಕಳಂತೆಯೇ ನೋಡುತ್ತಿದ್ದರು. ಒಂದು ಬದಿಗೆ ದೊಡ್ಡಪ್ಪ, ಅವರ ಪಕ್ಕ ಇವಳು. ಎದುರು ಬದಿಗೆ ಅವನು. ಇವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ದೊಡ್ಡಪ್ಪ ಎದ್ದು ನಿಂತು ತಮ್ಮ ತಂದೆಯ ಕಾಲದಿಂದ ಶುರು ಮಾಡಿದರು. ಪ್ರಕಾಶನ ಹೇಗೆ ಹುಟ್ಟಿತು, ಮೊದಲ ಅಚ್ಚಿನ ಮೊಳೆ ಎಲ್ಲಿಂದ ಬಂತು, ಕಾಗದದ ಬೆಲೆ ಆಗೆಷ್ಟಿತ್ತು...

"ಹೂಂ, ಹೂಂ, ಡ್ರಿಂಬಲ್ ಮಾಡಬೇಡಿ," ಎಂದರು ಅಧ್ಯಕ್ಷೆ. "ಬಂದ ವಿಷಯ ಹೇಳಿ."

ಅವಳು ಗಕ್ಕನೆ ಅಧ್ಯಕ್ಷೆಯತ್ತ ತಿರುಗಿದಳು. ದೊಡ್ಡಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಯಾಕೆ? ಏನಾಯ್ತು ಎಲ್ಲರಿಗೂ?"

ನಮ್ಮ ಹುಡುಗಿ ಎದ್ದು ನಿಂತಳು.

"ಮೇಡಮ್... ಈಗ ನೀವು ಆಡಿದ ಪದ... ಎಲ್ಲಿ ಕೇಳಿದ್ರಿ?"

"ಮೊಮ್ಮಗಳು ಆಡ್ತಾಳೆ. ಮನೇಲಿ ಎಲ್ಲರೂ ಆಡ್ತೀವಿ. ಒಳ್ಳೆ ಇಂಗ್ಲಿಷ್ ಪದ ಅಲ್ವಾ?"

"ಅಲ್ಲ ಮೇಡಮ್. ಅದು ಸುಳ್ಳು. ಅದನ್ನ ಹುಟ್ಟಿಸಿದೋಳು ನಾನು."

ಆಮೇಲೆ ಅವಳು ನಿಲ್ಲಲಿಲ್ಲ. ಕಾರಂಜಿಯ ಹೆಂಗಸು, ಅಂಚೆ ಪೆಟ್ಟಿಗೆ, ಸ್ಫೋಟ, ಪುಸ್ತಕದೊಳಗೆ ಸುಳ್ಳು ಹಾಕಿಡುವ ರೂಢಿ, ಎಲ್ಲ ಹೇಳಿದಳು.

"ಅಯ್ಯೋ," ಅಧ್ಯಕ್ಷೆ ಕನ್ನಡಕ ತೆಗೆದರು. "ಆ ಫೋಟೋ ತೆಗೆಯೋ ಹೆಣ್ಣುಮಗಳು ಅಷ್ಟು ಚಿಕ್ಕ ವಯಸ್ಸಿಗೇ ಹೋಗಿಬಿಟ್ಲಾ?"

"ಹುಟ್ಟೇ ಇರ್ಲಿಲ್ಲ ಮೇಡಮ್."

"ಆದ್ರೂ ಪಾಪ."

"ಕೇಳಿದ್ರಲ್ಲ! ಪದ ನಮ್ಮದೇ! ಇವನು ಕದ್ದ!" ದೊಡ್ಡಪ್ಪ ಮೇಜು ಕುಟ್ಟಿದರು.

"ಇವರು ಕದ್ದಿಲ್ಲ ದೊಡ್ಡಪ್ಪ!" ಅವಳ ದನಿ ಏರಿತು. "ಕದ್ದಿದ್ರೆ ನಾನು ಬರೆದ ನಾವಿಕರ ಕಥೇನೂ ಇವರ ಪುಸ್ತಕದಲ್ಲಿ ಇರಬೇಕಿತ್ತು. ಇವರು 'ಮೂಲ ತಿಳಿಯದು' ಅಂತ ಬರೆದಿದಾರೆ. ನಾನು ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೆದೆ. ಇವರು ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರು. ದರ್ಜಿ ಅಂಗಡೀಲಿ, ಆಸ್ಪತ್ರೇಲಿ, ಬಸ್ ಸ್ಟ್ಯಾಂಡಲ್ಲಿ ಜನ ಆಡೋದನ್ನ ನಾನೇ ಕಿವಿಯಾರೆ ಕೇಳಿದೀನಿ. ಇವರಿಗಿಂತ ಪ್ರಾಮಾಣಿಕವಾಗಿ ನಿಘಂಟು ಮಾಡೋರನ್ನ ನಾನು ನೋಡಿಲ್ಲ. ಕಳ್ಳ ಅಂತ ಕೂಗಿದ್ದು ನನ್ನ ತಪ್ಪು. ದೂರು ಕೊಟ್ಟಾಗಿದೆ ಅಂತ ಇವರಿಗೆ ಹೇಳದೇ ಮುಚ್ಚಿಟ್ಟಿದ್ದು ಇನ್ನೂ ದೊಡ್ಡ ತಪ್ಪು."

ಕೊನೆಯ ಮಾತು ಮಂಡಳಿಗೆ ಹೇಳಿದ್ದಲ್ಲ. ಅವನಿಗೂ ಅದು ತಿಳಿಯಿತು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನು ತಲೆಯೆತ್ತಿ ಅವಳನ್ನು ನೋಡಿದ.

ಅಧ್ಯಕ್ಷೆ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ದೂರು ವಜಾ. ಬೇಕೆಂದೇ ಸುಳ್ಳು ಹಾಕಿದ ಪುಸ್ತಕವನ್ನು ಮಕ್ಕಳ ಕೈಗೆ ಕೊಡಲಾಗದು, ಹಾಗಾಗಿ ಈ ವರ್ಷ ಎದುರಿನವರ ನಿಘಂಟು. "ಮುಂದಿನ ವರ್ಷ ಸುಳ್ಳು ತೆಗೆದು ಬನ್ನಿ," ಎಂದು ದೊಡ್ಡಪ್ಪನಿಗೆ ಬುದ್ಧಿ ಹೇಳಿ, "ಆ ಪದ ಮಾತ್ರ ತೆಗೀಬೇಡಿ. ನಮ್ಮನೇಲಿ ಅದಿಲ್ಲದೆ ನಡೆಯಲ್ಲ," ಎಂದು ಸೇರಿಸಿದರು.

ಹೊರಗೆ ವರಾಂಡದಲ್ಲಿ ದೊಡ್ಡಪ್ಪ ಅವಳನ್ನು ದುರುಗುಟ್ಟಿ ನೋಡಿದರು.

"ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಹೂಂ ದೊಡ್ಡಪ್ಪ." ಅವಳು ತಲೆ ತಗ್ಗಿಸಿದಳು.

ಅವರು ನಾಲ್ಕು ಹೆಜ್ಜೆ ನಡೆದು, ನಿಂತು, ಮೂಗು ಒರೆಸಿಕೊಂಡು ತಿರುಗಿದರು. "ಸೋಮವಾರ ಬಾ. ಎಸ್ ಅಕ್ಷರ ಯಾರು ಮುಗಿಸ್ತಾರೆ, ನಿಮ್ಮಪ್ಪನಾ?"

ಅವರು ಬಸ್ ನಿಲ್ದಾಣದ ಕಡೆ ಧುಮುಗುಟ್ಟುತ್ತ ಹೋದರು. ಅವಳು ಹಿಂದೆ ಹೋಗಲಿಲ್ಲ. ಬೆನ್ನ ಹಿಂದೆ ಯಾರೋ ನಿಂತದ್ದು ತಿಳಿದಿತ್ತು. ತಿರುಗುವ ಧೈರ್ಯವಿರಲಿಲ್ಲ.

"ಯಾಕೆ ಹಾಗೆ ಮಾಡಿದ್ರಿ?" ಅವನು ಕೇಳಿದ. "ನಿಮ್ಮನೆ ಆರ್ಡರೇ ಹೋಯ್ತಲ್ಲ."

"ನಿಜ ಹೇಳಿದೆ."

"ಅಷ್ಟೇನಾ?"

"ಅಷ್ಟೇ ಅಲ್ಲ..." ಊರಿನ ಪದಗಳಿಗೆಲ್ಲ ಅರ್ಥ ಬರೆಯುವವಳಿಗೆ ಒಂದು ಪದವೂ ಸಿಗಲಿಲ್ಲ. ಕಣ್ಣು ತುಂಬಿ ಬಂತು, ಮೂಗು ಸೋರತೊಡಗಿತು, ಕರ್ಚೀಫು ಎಲ್ಲೋ ಬಿದ್ದುಹೋಗಿತ್ತು. ಹೋಗಲಿ! ಅವಳು ತಿರುಗಿ ಹಾಗೇ ಹೇಳಿಬಿಟ್ಟಳು. "ನೀವು ಬೀದಿಗೆ ಬೆನ್ನು ಹಾಕಿ ಕೂತ್ರೆ ನಂಗೆ ಅನ್ನ ಸೇರಲ್ಲ. ನಿಮ್ಮನ್ನ ಯಾರಾದ್ರೂ ಕಳ್ಳ ಅಂದ್ರೆ ಅವರ ಕತ್ತು ಹಿಸುಕೋಣ ಅನ್ಸುತ್ತೆ, ಅಂದಿದ್ದು ನಾನೇ ಆದ್ರೂ. ನಂಗೆ ನೀವು ಬೇಕು. ನೀವಿನ್ನೂ ಮುನಿಸ್ಕೊಂಡಿದ್ರೆ ಮುನಿಸ್ಕೊಳ್ಳಿ. ನಾನು ಹೇಳಾಯ್ತು!"

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಏನಾದ್ರೂ ಹೇಳ್ರೀ!"

"ಹೇಳೋಕೆ ಯಾವಾಗಿಂದಾನೋ ಇತ್ತು. ಮೊದಲು ನೀವು ಬೈತಿದ್ರಿ, ಆಮೇಲೆ ನಾನು ಮುಖ ಊದಿಸ್ಕೊಂಡೆ. ಮಧ್ಯೆ ಹೊತ್ತೇ ಸಿಗ್ಲಿಲ್ಲ." ಅವನು ತನ್ನ ಕರ್ಚೀಫು ತೆಗೆದು ಅವಳ ಕೈಗಿಟ್ಟ. ಕೈ ಹಿಂದಕ್ಕೆ ತೆಗೆಯಲಿಲ್ಲ. "ನಂಗೂ ನೀವೇ ಬೇಕು. ಜಗಳ ಆಡೋಕೂ ನೀವೇ, ರಾಜಿ ಆಗೋಕೂ ನೀವೇ. ನೀವು ಮಾತಾಡಿಸದೆ ಇದ್ದ ಆ ದಿನಗಳು... ಯಾವ ಕ್ಯೂನಲ್ಲಿ ನಿಂತ್ರೂ ನನ್ನ ಕಿವಿಗೆ ಏನೂ ಬೀಳ್ಲಿಲ್ಲ."

"ಮಾತಾಡಿಸದೆ ಇದ್ದೋರು ನೀವು!"

"ಹೌದು. ಇನ್ಮೇಲೆ ಹಾಗೆ ಮಾಡಲ್ಲ."

ಅವಳು ಅಳುತ್ತಲೇ ನಕ್ಕಳು. ಅಷ್ಟರಲ್ಲಿ ನಿಲ್ದಾಣದ ಕಡೆಯಿಂದ ಗರ್ಜನೆ ಬಂತು. "ಪುಟ್ಟೀ! ಬಸ್ಸು ಹೊರಡ್ತು! ಅಲ್ಲಿ ಯಾರ ಜೊತೆ ನಿಂತಿದೀಯಾ?"

ಇಬ್ಬರೂ ಬೆಚ್ಚಿದರು.

"ದೊಡ್ಡಪ್ಪಂಗೆ ಯಾರು ಹೇಳೋದು?" ಅವಳು ಪಿಸುಗುಟ್ಟಿದಳು.

"ನಾನೇ ಹೇಳ್ತೀನಿ." ಅವನು ನಿಲ್ದಾಣದ ಕಡೆ ನೋಡಿದ. "ಈಗ ತಾನೇ ಅವರ ಆರ್ಡರ್ ಕಿತ್ಕೊಂಡಿದೀನಿ. ಮಗಳನ್ನೂ ಕೊಡಿ ಅಂದ್ರೆ..."

"ಕೊಡೆ ತಗೊಂಡು ಹೊಡೀತಾರೆ."

"ಜೊತೆಗಿರ್ತೀಯಾ?"

'ನೀವು' ಹೋಗಿ 'ನೀನು' ಬಂದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಅವಳಿಗೆ ಬಂತು. ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇರ್ತೀನಿ."

"ಹೊಡೆಯೋವಾಗ ಮಾತ್ರಾನಾ?"

"ಯಾವಾಗ್ಲೂ ಕಣೋ. ನಡಿ ಈಗ, ಬಸ್ಸು ಹೋಗಿಬಿಡುತ್ತೆ."